ಯು30, ಝಡ್9, 300: ರೊಕ್ಕ ಹೋಗದಿದ್ದಾಗ ಪರದೆ ಮೇಲೆ ಬರೋ ಈ ಸಂಕೇತಗಳು ಏನ್ ಹೇಳ್ತಾವ?

ವಿದ್ಯಾಗಿರಿ (ಬಾಗಲಕೋಟೆ): “ನನ್ನ ಖಾತೆಯಾಗಿಂದ ರೊಕ್ಕ ಹೋಗೇತ್ರಿ.” “ನಮ್ಮ ಬಾಕ್ಸ್ ಮಾತಾಡಿಲ್ಲಲ್ರಿ.” ವಿದ್ಯಾಗಿರಿಯ ಝೆರಾಕ್ಸ್ ಅಂಗಡಿ ಇರಲಿ, ನವನಗರದ ಕಿರಾಣಿ ಇರಲಿ, ಬಾದಾಮಿ ಬಸ್ ನಿಲ್ದಾಣದ ಎದುರಿನ ಖಾನಾವಳಿ ಇರಲಿ, ಈ ಎರಡು ಮಾತು ಕೇಳದ ವ್ಯಾಪಾರಸ್ಥರು ಈಗ ಸಿಗೋದು ಕಷ್ಟ. ಇಬ್ಬರೂ ಸುಳ್ಳು ಹೇಳ್ತಿರಲ್ಲ. ಆದರೂ ಜಗಳ ಆಗುತ್ತೆ. ವಿಚಿತ್ರ ಅಂದ್ರೆ, ಆ ಜಗಳಕ್ಕೆ ಉತ್ತರ ಬಹಳ ಸಲ ಗ್ರಾಹಕರ ಮೊಬೈಲ್ ಪರದೆ ಮೇಲೇ ಇರುತ್ತೆ: ಕೆಳಗಡೆ ಸಣ್ಣ ಅಕ್ಷರದಾಗ, ‘ಯು30’, ‘ಝಡ್9’, ‘ಯು68’ ಅಂತ. ಅದನ್ನ ಯಾರೂ ಓದೋದಿಲ್ಲ.

ಈ ಸಂಕೇತಗಳು ಎಲ್ಲಿಂದ ಬಂದವು, ಯಾಕೆ ಹಿಂಗ ಅರ್ಥ ಆಗದ ಭಾಷೆಯಲ್ಲಿ ಇರ್ತಾವ, ಯಾವುದಕ್ಕೆ ಗಾಬರಿ ಆಗಬೇಕು, ಯಾವುದಕ್ಕೆ ಬೇಡ ಅನ್ನೋದನ್ನ ಸ್ವಲ್ಪ ಬಿಡಿಸಿ ನೋಡೋಣ.

ಸೊನ್ನೆ ಅಂದ್ರೆ ‘ಎಲ್ಲಾ ಸರಿ’

ಇಂಜಿನಿಯರಿಂಗ್ ಓದೋ ಹುಡುಗರು ಮೊದಲ ವರ್ಷದಲ್ಲೇ ‘ಸಿ’ ಅನ್ನೋ ಕಂಪ್ಯೂಟರ್ ಭಾಷೆ ಕಲೀತಾರೆ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಡೆನ್ನಿಸ್ ರಿಚಿ ಅವರು 1970ರ ದಶಕದ ಆರಂಭದಲ್ಲಿ ರೂಪಿಸಿದ ಭಾಷೆ ಅದು. ನಿಮ್ಮ ಕೈಯಲ್ಲಿರೋ ಆಂಡ್ರಾಯ್ಡ್ ಫೋನಿನ ತಳಪಾಯ ಈಗಲೂ ಬಹುತೇಕ ಅದರಲ್ಲೇ ಬರೆದದ್ದು.

ಈ ಭಾಷೆಯಲ್ಲಿ ಕೆಲಸಗಳನ್ನ ಸಣ್ಣ ಸಣ್ಣ ತುಂಡು ಮಾಡಿ, ಒಂದೊಂದು ತುಂಡಿಗೂ ಒಂದು ಹೆಸರು ಕೊಡ್ತಾರೆ. ಅದಕ್ಕೆ ಫಂಕ್ಷನ್ ಅಂತಾರೆ. ‘ಈ ಫೈಲ್ ತೆರಿ’, ‘ಈ ಲೆಕ್ಕ ಬರಿ’, ‘ಆ ಬ್ಯಾಂಕಿಗೆ ಸಂದೇಶ ಕಳಿಸು’ ಅನ್ನೋವು ಒಂದೊಂದು ಫಂಕ್ಷನ್. ಬೇರೆಯವರು ಉಪಯೋಗಿಸಲಿ ಅಂತ ಇಂಥ ಫಂಕ್ಷನ್‌ಗಳನ್ನ ಒಂದು ಗಂಟು ಕಟ್ಟಿ ಇಟ್ಟರೆ ಅದು ಲೈಬ್ರರಿ. ಕರೆದ ಕೂಡಲೇ ಫಂಕ್ಷನ್ ಹೋಗಿ ಕೆಲಸ ಮಾಡಿ, ವಾಪಸ್ ಬಂದು ಒಂದೇ ಒಂದು ಸಂಖ್ಯೆ ಕೊಡುತ್ತೆ. ಅದೇ ರಿಟರ್ನ್ ಕೋಡ್.

ಅಂಗಡಿ ಹುಡುಗನನ್ನ ಗೋದಾಮಿಗೆ ಕಳಿಸಿದ ಹಂಗ ಅನ್ಕೊಳ್ಳಿ. ಸಾಮಾನು ತಂದರೆ ಮಾತು ಮುಗೀತು, ಯಾಕೆ ತಂದಿ ಅಂತ ಯಾರೂ ಕೇಳಲ್ಲ. ತರಲಿಲ್ಲ ಅಂದ್ರೆ ಮಾತ್ರ ನೂರೆಂಟು ಕಾರಣ: ಬೀಗ ಹಾಕಿತ್ತು, ಸ್ಟಾಕ್ ಇರಲಿಲ್ಲ, ಒಳಗ ಬಿಡಲಿಲ್ಲ, ಹಮಾಲರು ಊಟಕ್ಕೆ ಹೋಗಿದ್ರು. ಒಂದೊಂದಕ್ಕೂ ನೀವು ಮಾಡೋ ಮುಂದಿನ ಕೆಲಸ ಬೇರೆ. ಬೀಗ ಇದ್ರೆ ಕೀಲಿ ಕೊಡಬೇಕು, ಸ್ಟಾಕ್ ಇಲ್ಲಾಂದ್ರೆ ಆರ್ಡರ್ ಹಾಕಬೇಕು. ಗೆಲುವು ಒಂದೇ ಥರ, ಸೋಲು ಹಲವು ಥರ ಇರೋದ್ರಿಂದಲೇ ಗೆಲುವಿಗೆ ‘0’ ಅನ್ನೋ ಒಂದೇ ಸಂಖ್ಯೆ, ಉಳಿದ ಸಂಖ್ಯೆಗಳೆಲ್ಲ ಸೋಲಿನ ಕಾರಣಗಳಿಗೆ ಅಂತ ರೂಢಿ ಬಿತ್ತು. ನಮಗೆ ಸೊನ್ನೆ ಅಂದ್ರೆ ಏನೂ ಇಲ್ಲ, ಫೇಲ್. ಕಂಪ್ಯೂಟರಿಗೆ ಸೊನ್ನೆ ಅಂದ್ರೆ ಫಸ್ಟ್ ಕ್ಲಾಸ್.

ಲಿನಕ್ಸ್‌ನಲ್ಲಿ 2 ಅಂದ್ರೆ ‘ಅಂಥ ಫೈಲೇ ಇಲ್ಲ’, 13 ಅಂದ್ರೆ ‘ನಿನಗೆ ಅನುಮತಿ ಇಲ್ಲ’, 28 ಅಂದ್ರೆ ‘ಜಾಗ ಖಾಲಿ ಇಲ್ಲ’, 11 ಅಂದ್ರೆ ‘ಈಗ ಆಗಲ್ಲ, ಮತ್ತೊಮ್ಮೆ ಬಾ’. ಇವುಗಳಲ್ಲಿ 2 ಅನ್ನೋದು ಹಳೇ ಯುನಿಕ್ಸ್ ಕಾಲದಿಂದ ಐದು ದಶಕ ಕಳೆದರೂ ಬದಲಾಗಿಲ್ಲ. ಬದಲಿಸುವಂತೆಯೂ ಇಲ್ಲ. ಒಂದು ಸಲ ಸಂಖ್ಯೆ ಹೊರಗೆ ಕೊಟ್ಟ ಮೇಲೆ ಅದನ್ನ ನಂಬಿ ಸಾವಿರಾರು ಜನ ತಮ್ಮ ಪ್ರೋಗ್ರಾಂ ಬರೆದಿರ್ತಾರೆ. ನಾಳೆ 2ಕ್ಕೆ ಬೇರೆ ಅರ್ಥ ಕೊಟ್ಟರೆ ಅವೆಲ್ಲ ಸದ್ದಿಲ್ಲದೆ ತಪ್ಪು ಮಾಡ್ತಾವ. 25 ಅನ್ನೋ ಸಂಖ್ಯೆಯ ವಿವರಣೆ ಬಹಳ ವರ್ಷ ‘ಇದು ಟೈಪ್‌ರೈಟರ್ ಅಲ್ಲ’ ಅಂತಲೇ ಇತ್ತು. ಟೈಪ್‌ರೈಟರ್ ಥರದ ಯಂತ್ರ ಜೋಡಿಸಿ ಕಂಪ್ಯೂಟರ್ ಜೊತೆ ಮಾತಾಡ್ತಿದ್ದ ಕಾಲದ ಪಳೆಯುಳಿಕೆ. ಆ ಯಂತ್ರಗಳು ಮ್ಯೂಸಿಯಂ ಸೇರಿದವು, 25 ಮಾತ್ರ ಉಳೀತು.

ನಿಮ್ಮ ಫೋನಿನಾಗೇ ಇರೋ ಇನ್ನೊಂದು ಸಿ ಲೈಬ್ರರಿ ಎಸ್‌ಕ್ಯೂಲೈಟ್. ಸಂಪರ್ಕ ಸಂಖ್ಯೆ, ಸಂದೇಶಗಳನ್ನ ಫೋನ್ ನೆನಪಿಡೋದು ಇದರ ಸಹಾಯದಿಂದ. ಇದರಲ್ಲಿ 0 ಅಂದ್ರೆ ಸರಿ, 5 ಅಂದ್ರೆ ‘ಬೇರೆಯವರು ಬರೀತಾ ಇದ್ದಾರೆ, ತಾಳು’, 13 ಅಂದ್ರೆ ‘ತುಂಬಿದೆ’. ಅದರ ಜೊತೆ 100 ಮತ್ತು 101 ಅಂತ ಎರಡು ಇದಾವ: ‘ಇನ್ನೊಂದು ಸಾಲು ಸಿಕ್ತು’ ಮತ್ತು ‘ಎಲ್ಲಾ ಮುಗೀತು’. ಇವು ಸೊನ್ನೆ ಅಲ್ಲ, ಆದ್ರೆ ತಪ್ಪೂ ಅಲ್ಲ. ಹೊಸದಾಗಿ ಕಲಿಯೋರು ಇಲ್ಲಿ ಎಡವೋದು ಮಾಮೂಲಿ. ಇನ್ನೊಂದು ಗಮನಿಸಿ: ಲಿನಕ್ಸ್‌ನ 13 ಬೇರೆ, ಎಸ್‌ಕ್ಯೂಲೈಟ್‌ನ 13 ಬೇರೆ. ಯಾರ ಪಟ್ಟಿಯ ಸಂಖ್ಯೆ ಅಂತ ಗೊತ್ತಿಲ್ಲದೆ ಬರೀ ಸಂಖ್ಯೆಯಿಂದ ಉಪಯೋಗ ಇಲ್ಲ.

‘ಹೌದು’, ‘ಇಲ್ಲ’, ಮತ್ತು ‘ಗೊತ್ತಿಲ್ಲ’

ಗಲ್ಲಾಪೆಟ್ಟಿಗೆ ಜಗಳದ ಮೂಲ ಇರೋದು ಇಲ್ಲಿ. ನಾವು ಉತ್ತರ ಎರಡೇ ಅನ್ಕೊಂಡಿರ್ತೀವಿ: ಆಯ್ತು, ಇಲ್ಲಾಂದ್ರೆ ಆಗಿಲ್ಲ. ಕಂಪ್ಯೂಟರಿಗೆ ಮೂರನೇದೊಂದು ಇದೆ: ‘ಕೇಳಿದೆ, ಉತ್ತರ ಬರಲಿಲ್ಲ.’

ಈ ಮೂರನೇದನ್ನ ಮರೆತು ದೊಡ್ಡವರೇ ಎಡವಿದ್ದಾರೆ. ಇಂಟರ್ನೆಟ್ಟಿನಲ್ಲಿ ಗುಟ್ಟಾಗಿ ಮಾಹಿತಿ ಕಳಿಸಲು ಬಳಸೋ ಓಪನ್‌ಎಸ್‌ಎಸ್‌ಎಲ್ ಅನ್ನೋದೂ ಒಂದು ಸಿ ಲೈಬ್ರರಿ. ಅದರಲ್ಲಿ ಡಿಜಿಟಲ್ ಸಹಿ ಅಸಲಿಯೋ ನಕಲಿಯೋ ಅಂತ ಪರೀಕ್ಷೆ ಮಾಡೋ ಫಂಕ್ಷನ್ ಇದೆ. ಸಹಿ ಸರಿ ಇದ್ರೆ 1, ಸರಿ ಇಲ್ಲಾಂದ್ರೆ 0, ಪರೀಕ್ಷೆ ಮಾಡೋದೇ ಸಾಧ್ಯ ಆಗಲಿಲ್ಲ ಅಂದ್ರೆ -1 ಕೊಡುತ್ತೆ. (ಇಲ್ಲಿ ಗೆಲುವಿಗೆ 0 ಬದಲು 1 ಇಟ್ಟಿದ್ದಾರೆ. ಒಬ್ಬೊಬ್ಬರದು ಒಂದೊಂದು ಪದ್ಧತಿ, ಅದೇ ಅರ್ಧ ತಲೆನೋವು.) ಈ ಫಂಕ್ಷನ್ ಕರೆಯೋ ಕೆಲವು ಕಡೆ ‘ಉತ್ತರ 0 ಆಗಿದ್ರೆ ತಿರಸ್ಕರಿಸು’ ಅಂತ ಮಾತ್ರ ಬರೆದಿದ್ರು. -1 ಸೊನ್ನೆ ಅಲ್ಲವಲ್ಲ! ಹಾಗಾಗಿ ಬೇಕಂತಲೇ ಕೆಡಿಸಿದ ಸಹಿ ಕೊಟ್ಟು, ಪರೀಕ್ಷೆಯೇ ಮುಗ್ಗರಿಸೋ ಹಂಗ ಮಾಡಿದ್ರೆ, ಕೆಲವು ಬಗೆಯ ಸಹಿಗಳಲ್ಲಿ ಅದು ‘ಪಾಸ್’ ಆಗಿಬಿಡ್ತಿತ್ತು. 2009ರ ಜನವರಿಯಲ್ಲಿ ಇದನ್ನ ಬಹಿರಂಗಪಡಿಸಿ ಸರಿಪಡಿಸಿದರು. ‘ಫೇಲ್ ಅಂತ ಬಂದಿಲ್ಲ’ ಅನ್ನೋದನ್ನ ‘ಪಾಸ್’ ಅಂತ ಓದಿದ ತಪ್ಪು ಅದು.

ಅಂಗಡಿಯಲ್ಲಿ ನಾವೂ ಅದನ್ನೇ ಮಾಡ್ತೀವಿ. ಗ್ರಾಹಕರ ಫೋನಿನಾಗ ಕೆಂಪು ಗುರುತು ಬಂದಿಲ್ಲ, ಹಂಗಾದ್ರೆ ಹೋಗೇತಿ ಅಂತ ಅವರು. ಬಾಕ್ಸ್ ಮಾತಾಡಿಲ್ಲ, ಹಂಗಾದ್ರೆ ಬಂದಿಲ್ಲ ಅಂತ ನಾವು. ಬಾಕ್ಸ್ ಮಾತಾಡೋದು ರೊಕ್ಕ ಬಂದಾಗ ಮಾತ್ರ. ಅದು ಸುಮ್ಮನಿದ್ರೆ ‘ಬಂದಿಲ್ಲ’ ಅಂತಲೂ ಇರಬಹುದು, ‘ಬಂದೈತಿ, ನನಗೆ ನೆಟ್‌ವರ್ಕ್ ಇಲ್ಲ’ ಅಂತಲೂ ಇರಬಹುದು.

ಯುಪಿಐ ಸಂಕೇತಗಳು: ಯಾವುದಕ್ಕೆ ಏನ್ ಮಾಡಬೇಕು

ಯುಪಿಐ ನಡೆಸೋದು ರಾಷ್ಟ್ರೀಯ ಪಾವತಿ ನಿಗಮ, ಅಂದ್ರೆ ಎನ್‌ಪಿಸಿಐ. 2016ರಲ್ಲಿ ಶುರುವಾದ ಈ ವ್ಯವಸ್ಥೆಯಲ್ಲಿ ಪ್ರತಿ ಪಾವತಿಗೂ ಒಂದು ಉತ್ತರ ಸಂಕೇತ ಹುಟ್ಟುತ್ತೆ. ‘00’ ಬಂದ್ರೆ ಆಯ್ತು. ಇಲ್ಲಿಯೂ ಸೊನ್ನೆಯೇ ಗೆಲುವು, ನೋಡಿ.

ಹೆಚ್ಚು ಕಾಣೋದು ‘ಯು30’. ಇದರ ಅರ್ಥ ‘ಕಳಿಸೋರ ಖಾತೆಯಿಂದ ಹಣ ಕಡಿತ ಆಗಲಿಲ್ಲ’ ಅಂತ ಅಷ್ಟೇ. ಯಾಕೆ ಆಗಲಿಲ್ಲ ಅಂತ ಇದು ಹೇಳಲ್ಲ. ಯು30 ಅನ್ನೋದು ನಡುವೆ ಇರೋ ಎನ್‌ಪಿಸಿಐ ಕೊಡೋ ಸಂಕೇತ, ಅದರ ಒಳಗೆ ಬ್ಯಾಂಕ್ ಕೊಟ್ಟ ಇನ್ನೊಂದು ಸಂಕೇತ ಇರುತ್ತೆ. ‘ಝಡ್9’ ಇದ್ರೆ ಖಾತೆಯಲ್ಲಿ ಹಣ ಸಾಲದು. ‘ಝಡ್‌ಎಂ’ ಇದ್ರೆ ಪಿನ್ ತಪ್ಪು. ‘ಝಡ್6’ ಇದ್ರೆ ತಪ್ಪು ಪಿನ್ ಹಾಕೋ ಮಿತಿ ಮೀರಿದೆ, ಇನ್ನು ಎಷ್ಟು ಒತ್ತಿದ್ರೂ ಅಷ್ಟೇ. ‘ಝಡ್8’ ಇದ್ರೆ ಒಂದು ಸಲಕ್ಕೆ ಬ್ಯಾಂಕ್ ಇಟ್ಟ ಮೊತ್ತದ ಮಿತಿ ದಾಟಿದೆ, ‘ಝಡ್7’ ಇದ್ರೆ ಎಷ್ಟು ಸಲ ಅನ್ನೋ ಮಿತಿ ದಾಟಿದೆ.

ಇದಿಷ್ಟೂ ‘ಇಲ್ಲ’ ಅನ್ನೋ ಜಾತಿ. ಹಣ ಹೋಗಿಲ್ಲ, ಸ್ಪಷ್ಟ. ಗ್ರಾಹಕರು ಬೇರೆ ಖಾತೆಯಿಂದ ಹಾಕಲಿ ಅಥವಾ ನಗದು ಕೊಡಲಿ. ಝಡ್9 ಬಂದಾಗ ಅದನ್ನ ಜೋರಾಗಿ ಓದಿ ಹೇಳಬೇಡಿ, ನಾಲ್ಕು ಜನರ ಮುಂದೆ ‘ಖಾತೆಯಾಗ ರೊಕ್ಕ ಇಲ್ಲಂತ’ ಅನ್ನಿಸಿಕೊಳ್ಳೋದು ಯಾರಿಗೂ ಬೇಡ.

‘ಯು31’ ಬೇರೆ. ಇಲ್ಲಿ ಕಳಿಸೋರ ಖಾತೆಯಿಂದ ಹೋಗಿದೆ, ಪಡೆಯೋರ ಖಾತೆಗೆ ಜಮಾ ಆಗಲಿಲ್ಲ. ಹಣ ವಾಪಸ್ ಹೋಗಬೇಕು. ‘ಯು67’ ಅಂದ್ರೆ ಕಳಿಸೋರ ಬ್ಯಾಂಕ್ ಸಮಯಕ್ಕೆ ಉತ್ತರ ಕೊಡಲಿಲ್ಲ. ‘ಯು68’ ಅಂದ್ರೆ ಪಡೆಯೋರ ಬ್ಯಾಂಕ್ ಸಮಯಕ್ಕೆ ಉತ್ತರ ಕೊಡಲಿಲ್ಲ. ಈ ಕೊನೇದೇ ಮೇಲೆ ಹೇಳಿದ ಮೂರನೇ ಜಾತಿ: ನಿಮ್ಮ ಖಾತೆಗೆ ಬಂದಿರಬಹುದು, ಬರದೇ ಇರಬಹುದು, ಸಂಜೆ ಬರಬಹುದು. ಇಂಥ ವ್ಯವಹಾರಗಳನ್ನ ಬ್ಯಾಂಕುಗಳು ಆಮೇಲೆ ಲೆಕ್ಕ ಹೊಂದಿಸಿ ತೀರ್ಮಾನ ಮಾಡ್ತಾವ. ಈ ಹೊತ್ತಿನಲ್ಲಿ ‘ಇನ್ನೊಂದ್ ಸಲ ಹಾಕ್ರಿ’ ಅಂದ್ರೆ ಎರಡು ಸಲ ಹೋಗೋ ಸಂಭವ ಇದೆ. ತಪ್ಪು ಪಿನ್ ಬಂದಾಗ ಮತ್ತೆ ಹಾಕ್ಸೋದು ಸರಿ, ಉತ್ತರ ಬರದಿದ್ದಾಗ ಮತ್ತೆ ಹಾಕ್ಸೋದು ಸರಿಯಲ್ಲ. ಈ ವ್ಯತ್ಯಾಸ ತಿಳಿಸೋದೇ ಆ ಎರಡಕ್ಷರದ ಸಂಕೇತದ ಕೆಲಸ.

ದುಃಖದ ಸಂಗತಿ ಅಂದ್ರೆ ಹಲವು ಆ್ಯಪ್‌ಗಳು ಈ ಸಂಕೇತವನ್ನ ಮುಚ್ಚಿಟ್ಟು ‘ಏನೋ ತಪ್ಪಾಗಿದೆ, ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ’ ಅಂತ ನಯವಾಗಿ ಹೇಳಿಬಿಡ್ತಾವ. ಕೆಳಗಿನ ಪದರದವರು ಕಷ್ಟಪಟ್ಟು ಕಾರಣ ಬರೆದು ಕಳಿಸಿರ್ತಾರೆ, ಮೇಲಿನ ಪದರದವರು ಆ ಚೀಟಿ ಹರಿದು ಹಾಕಿ ‘ಆಗಿಲ್ರಿ’ ಅಂತಾರೆ. ಜನರಿಗೆ ಸಂಕೇತ ಅರ್ಥ ಆಗಲ್ಲ ಅನ್ನೋದು ಅವರ ವಾದ ಇರಬಹುದು. ಕನ್ನಡದಲ್ಲಿ ಕಾರಣ ಬರೆದು, ಪಕ್ಕದಲ್ಲಿ ಸಂಕೇತ ಹಾಕೋದಕ್ಕೆ ಏನು ಕಷ್ಟ? ಸದ್ಯಕ್ಕೆ, ಆ ಪಾವತಿಯ ‘ವಿವರ’ ಅಥವಾ ‘ಸಹಾಯ’ ಒತ್ತಿದ್ರೆ ಕೆಲವು ಆ್ಯಪ್‌ಗಳಲ್ಲಿ ಸಂಕೇತ ಸಿಗುತ್ತೆ.

ಹಣ ಹೋಗಿ ಬರದಿದ್ದವರಿಗೆ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರಂದು ಹೊರಡಿಸಿದ ಸುತ್ತೋಲೆ ರಕ್ಷಣೆ ಕೊಡುತ್ತೆ. ಒಬ್ಬರಿಂದ ಇನ್ನೊಬ್ಬರಿಗೆ ಕಳಿಸಿದ ಯುಪಿಐ ಹಣ ಜಮಾ ಆಗದಿದ್ರೆ ವ್ಯವಹಾರದ ಮರುದಿನದೊಳಗೆ ತಾನಾಗಿಯೇ ವಾಪಸ್ ಆಗಬೇಕು. ವ್ಯಾಪಾರಿಗೆ ಮಾಡಿದ ಪಾವತಿ ಆಗಿದ್ದು, ಅಂಗಡಿಗೆ ಖಾತ್ರಿ ಬರದಿದ್ರೆ 5 ದಿನದೊಳಗೆ. ಅದರ ಮೇಲೆ ತಡವಾದ್ರೆ ದಿನಕ್ಕೆ 100 ರೂಪಾಯಿ ಪರಿಹಾರ, ಅದೂ ಗ್ರಾಹಕರು ದೂರು ಕೊಡೋವರೆಗೆ ಕಾಯದೆ. ಈ ಮಾತನ್ನ ಕೌಂಟರಿನಲ್ಲಿ ಗ್ರಾಹಕರಿಗೆ ತಿಳಿಸಿ ಹೇಳಿದ್ರೆ ಅರ್ಧ ಜಗಳ ಅಲ್ಲೇ ತಣ್ಣಗಾಗುತ್ತೆ.

ಕಾರ್ಡ್ ಯಂತ್ರದವರಿಗೆ ಬೇರೆ ಪಟ್ಟಿ, ಜಗತ್ತಿನಾದ್ಯಂತ ಒಂದೇ: 51 ಅಂದ್ರೆ ಹಣ ಸಾಲದು, 54 ಕಾರ್ಡಿನ ಅವಧಿ ಮುಗಿದಿದೆ, 55 ಪಿನ್ ತಪ್ಪು, 75 ಪಿನ್ ಪ್ರಯತ್ನ ಮುಗಿದವು, 91 ಬ್ಯಾಂಕಿನ ಕಡೆಯಿಂದ ಉತ್ತರವೇ ಇಲ್ಲ. 05 ಬಂದ್ರೆ ‘ಒಪ್ಪಬೇಡ’ ಅಂತ, ಕಾರಣ ಹೇಳಲ್ಲ. ಗ್ರಾಹಕರೇ ತಮ್ಮ ಬ್ಯಾಂಕಿಗೆ ಕೇಳಬೇಕು.

ನ್ಯಾಯಬೆಲೆ ಅಂಗಡಿಯ ‘300’

ಅಂಗಡಿಯವರ ನಷ್ಟ ನೂರಿನ್ನೂರು ರೂಪಾಯಿದು. ರೇಷನ್ ಅಂಗಡಿಯಲ್ಲಿ ಬರೋ ಸಂಕೇತ ಹೊಟ್ಟೆಗೆ ಸಂಬಂಧಪಟ್ಟದ್ದು.

ಬೆರಳು ಇಟ್ಟಾಗ ಯಂತ್ರ ಆಧಾರ್ ಪ್ರಾಧಿಕಾರಕ್ಕೆ ಕೇಳುತ್ತೆ, ಅಲ್ಲಿಂದ ಉತ್ತರ ಬರುತ್ತೆ. ‘300’ ಬಂದ್ರೆ ಬೆರಳಚ್ಚು ಹೊಂದಲಿಲ್ಲ. ‘330’ ಬಂದ್ರೆ ಕಾರ್ಡ್‌ದಾರರೇ ತಮ್ಮ ಬೆರಳಚ್ಚಿಗೆ ಬೀಗ ಹಾಕಿಕೊಂಡಿದ್ದಾರೆ. ‘811’ ಬಂದ್ರೆ ಕೇಂದ್ರ ದಾಖಲೆಯಲ್ಲಿ ಆ ಬೆರಳಚ್ಚೇ ಇಲ್ಲ. ‘997’ ಅಂದ್ರೆ ಆಧಾರ್ ತಡೆಹಿಡಿಯಲಾಗಿದೆ, ‘996’ ಅಂದ್ರೆ ರದ್ದಾಗಿದೆ.

ಈ ಐದಕ್ಕೂ ಕೌಂಟರಿನಲ್ಲಿ ಸಿಗೋ ಉತ್ತರ ಸಾಮಾನ್ಯವಾಗಿ ಒಂದೇ: “ಬೆರಳು ಬರವಲ್ದು, ನಾಳೆ ಬರ್ರಿ.” ನಾಳೆ ಬಂದ್ರೆ 300ಕ್ಕೆ ಉಪಯೋಗ ಆಗಬಹುದು, ಬೆರಳು ಒರೆಸಿ, ಇನ್ನೊಂದು ಬೆರಳು ಇಟ್ಟು ನೋಡಬಹುದು. ಇಳಕಲ್ ಕಡೆ ಗ್ರಾನೈಟ್ ಕೆಲಸ ಮಾಡೋರು, ಮಗ್ಗದ ಮುಂದೆ ಕೂತು ವಯಸ್ಸಾದೋರು, ಹೊಲದ ಕೆಲಸದವರು — ಕೆಲಸ ಮಾಡಿ ಮಾಡಿ ಬೆರಳ ಗೆರೆ ಸವೆದಿರುತ್ತೆ, 300 ಬರೋದು ಇಂಥವರಿಗೇ ಜಾಸ್ತಿ. ಆದ್ರೆ 330 ಬಂದವರು ನೂರು ಸಲ ನಾಳೆ ಬಂದ್ರೂ ಆಗಲ್ಲ, ಬೀಗ ತೆಗೆಸಬೇಕು. 811, 996, 997ಕ್ಕೆ ಆಧಾರ್ ಕೇಂದ್ರಕ್ಕೇ ಹೋಗಬೇಕು. ದಿನದ ಕೂಲಿ ಬಿಟ್ಟು ಮೂರು ಸಲ ಸುಮ್ಮನೆ ಅಲೆಯೋದು ತಪ್ಪಿಸಲು ಒಂದು ಪ್ರಶ್ನೆ ಸಾಕು: “ಯಂತ್ರದಾಗ ಯಾವ ನಂಬರ್ ಬಂತ್ರಿ?” ಅದನ್ನ ಚೀಟಿಯಲ್ಲಿ ಬರೆಸಿಕೊಳ್ಳಿ.

ಮತ್ತೊಂದು ವಿಷಯ. ಬೆರಳಚ್ಚು ಹೊಂದಲಿಲ್ಲ ಅನ್ನೋ ಕಾರಣಕ್ಕೆ ಅರ್ಹರಿಗೆ ಪಡಿತರ ನಿರಾಕರಿಸಬಾರದು ಅಂತ ಕೇಂದ್ರ ಆಹಾರ ಇಲಾಖೆ 2017ರಲ್ಲೇ ರಾಜ್ಯಗಳಿಗೆ ಸೂಚನೆ ಕೊಟ್ಟಿದೆ. 300 ಅಂದ್ರೆ ‘ಈ ಬೆರಳು ಹೊಂದಲಿಲ್ಲ’ ಅಂತ. ‘ಈ ಮನುಷ್ಯ ಸುಳ್ಳು’ ಅಂತಲ್ಲ.

ಮತ್ತೆ ಮತ್ತೆ ಒತ್ತೋದರ ಪರಿಣಾಮ

2025ರ ಏಪ್ರಿಲ್ 12ರಂದು ದೇಶದ ಹಲವೆಡೆ ಯುಪಿಐ ತಾಸುಗಟ್ಟಲೆ ಕೈಕೊಟ್ಟಿತ್ತು, ನೆನಪಿರಬಹುದು. ‘ಆ ಪಾವತಿ ಏನಾಯ್ತು?’ ಅಂತ ಕೆಲವು ಬ್ಯಾಂಕುಗಳ ಕಂಪ್ಯೂಟರುಗಳು ಮೇಲಿಂದ ಮೇಲೆ ಕೇಳ್ತಾ ಹೋಗಿದ್ದೇ ವ್ಯವಸ್ಥೆ ಮೇಲೆ ಹೊರೆ ಹೇರಿತ್ತು. ಅಂದ್ರೆ ‘ಗೊತ್ತಿಲ್ಲ, ತಾಳು’ ಅನ್ನೋ ಉತ್ತರಕ್ಕೆ ತಾಳದೆ ಇದ್ದದ್ದು. 2025ರ ಆಗಸ್ಟ್ 1ರಿಂದ ಇದಕ್ಕೆ ಕಡಿವಾಣ ಬಿತ್ತು: ತೂಗಾಡ್ತಿರೋ ಪಾವತಿಯ ಸ್ಥಿತಿ ಕೇಳೋದು ಮೂರೇ ಸಲ, ನಡುವೆ 90 ಸೆಕೆಂಡ್ ಅಂತರ. ಬ್ಯಾಲೆನ್ಸ್ ನೋಡೋದೂ ಒಂದು ಆ್ಯಪ್‌ನಲ್ಲಿ ದಿನಕ್ಕೆ 50 ಸಲ.

ಬನಶಂಕರಿ ಜಾತ್ರೆ ಥರದ ಜನಜಂಗುಳಿಯಲ್ಲಿ ನೆಟ್‌ವರ್ಕ್ ಜಗ್ಗಾಡುವಾಗ ಈ 90 ಸೆಕೆಂಡ್ ನೆನಪಿಡಿ. ಒತ್ತಿದ ಕೂಡಲೇ ಮತ್ತೆ ಒತ್ತಬೇಡಿ. ಗ್ರಾಹಕರು ತೋರಿಸೋ ಹಸಿರು ಟಿಕ್‌ನ ಸ್ಕ್ರೀನ್‌ಶಾಟ್ ನಂಬಬೇಡಿ, ಅಂಥ ಚಿತ್ರ ಮಾಡಿಕೊಡೋ ನಕಲಿ ಆ್ಯಪ್‌ಗಳೇ ಇದಾವ. ನಿಮ್ಮ ಆ್ಯಪ್ ಅಥವಾ ಬ್ಯಾಂಕ್ ಸಂದೇಶ ಹೇಳಿದ್ದೇ ಖರೆ.

ಬಿಲ್ಲಿಂಗ್ ಸಾಫ್ಟ್‌ವೇರ್ ತಗೊಳ್ಳೋ ಮುಂಚೆ

ಊರಿನ ಹುಡುಗರೇ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡೋದು ಈಗ ಹೊಸದಲ್ಲ. ತಗೊಳ್ಳೋ ಮುಂಚೆ ಒಂದು ಪರೀಕ್ಷೆ ಮಾಡಿ. ಪ್ರಿಂಟರಿನ ಕಾಗದ ತೆಗೆದು ಬಿಲ್ ಒತ್ತಿ. ಆಮೇಲೆ ಇಂಟರ್ನೆಟ್ ತೆಗೆದು ಒತ್ತಿ. ಎರಡಕ್ಕೂ ಒಂದೇ ‘ಎರರ್’ ಅಂತ ಬಂದ್ರೆ ಬೇಡ ಅನ್ನಿ. ಕಾಗದ ಮುಗಿದಿದ್ರೆ ಬಿಲ್ ಲೆಕ್ಕದಲ್ಲಿ ಸೇರಿದೆ, ಬರೀ ಅಚ್ಚಾಗಿಲ್ಲ. ಬಿಲ್ ಉಳಿದೇ ಇಲ್ಲಾಂದ್ರೆ ವ್ಯಾಪಾರವೇ ಲೆಕ್ಕದಿಂದ ಹೋಯ್ತು. ಒಂದೇ ಸಂದೇಶ ಕೊಟ್ಟರೆ ನೀವು ಮತ್ತೆ ಒತ್ತೀರಿ, ಒಂದೇ ಸಾಮಾನು ಎರಡು ಸಲ ಸ್ಟಾಕಿನಿಂದ ಕಳೆಯುತ್ತೆ, ಮಾರ್ಚ್‌ನಲ್ಲಿ ಲೆಕ್ಕ ಹೊಂದಲ್ಲ.

ಅದನ್ನ ಬರೆಯೋ ವಿದ್ಯಾರ್ಥಿಗಳಿಗೂ ಒಂದು ಮಾತು. ನಿಮ್ಮ ಲೈಬ್ರರಿಯ ಪ್ರತಿ ತಪ್ಪಿಗೂ ಬೇರೆ ಸಂಖ್ಯೆ ಕೊಡಿ, ಅವೆಲ್ಲ ಒಂದೇ ಕಡೆ ಪಟ್ಟಿಯಾಗಿ ಇರಲಿ. ಒಮ್ಮೆ ಕೊಟ್ಟ ಸಂಖ್ಯೆಯನ್ನ ಇನ್ನೊಂದಕ್ಕೆ ಕೊಡಬೇಡಿ, ಹೊಸದನ್ನ ಕೊನೆಗೆ ಸೇರಿಸಿ. ‘ಮತ್ತೆ ಪ್ರಯತ್ನಿಸಬಹುದು’ ಅನ್ನೋ ತಪ್ಪುಗಳನ್ನ ‘ಪ್ರಯೋಜನ ಇಲ್ಲ’ ಅನ್ನೋವುಗಳಿಂದ ಬೇರೆ ಇಡಿ. ಫಂಕ್ಷನ್ ಕೊಟ್ಟ ಉತ್ತರವನ್ನ ನೋಡದೇ ಮುಂದಿನ ಸಾಲಿಗೆ ಹೋಗಬೇಡಿ. ಸಿ ಭಾಷೆ ನಿಮ್ಮನ್ನ ತಡೆಯಲ್ಲ, ಸುಮ್ಮನೆ ಮುಂದೆ ಹೋಗಲು ಬಿಡುತ್ತೆ.

ದೂರು ಕೊಡೋದಾದ್ರೆ

ಪಾವತಿ ತೂಗಾಡಿದಾಗ ನಾಲ್ಕು ವಿಷಯ ಬರೆದಿಡಿ: ಸಮಯ, ಮೊತ್ತ, 12 ಅಂಕಿಯ ಯುಪಿಐ ಉಲ್ಲೇಖ ಸಂಖ್ಯೆ, ಮತ್ತು ಆ ಸಂಕೇತ. ಮೊದಲು ಆ್ಯಪ್‌ನಲ್ಲೇ ಆ ಪಾವತಿ ಮೇಲೆ ದೂರು ದಾಖಲಿಸಿ, ನಂತರ ಬ್ಯಾಂಕಿಗೆ ಬರೆದು ಕೊಡಿ. ಬ್ಯಾಂಕ್ 30 ದಿನದೊಳಗೆ ಉತ್ತರ ಕೊಡದಿದ್ರೆ ಅಥವಾ ಉತ್ತರ ಸಮಾಧಾನ ತರದಿದ್ರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಹೋಗಬಹುದು, ಮಾಹಿತಿಗೆ 14448. ಯಾರೋ ಮೋಸ ಮಾಡಿ ಹಣ ಹೊಡೆದಿದ್ರೆ ಕಾಯಬೇಡಿ, ಕೂಡಲೇ 1930ಕ್ಕೆ ಫೋನ್ ಮಾಡಿ. ದೂರು ಕೊಡೋವಾಗ ಯಾರೇ ಕೇಳಿದ್ರೂ ಪಿನ್, ಒಟಿಪಿ ಮಾತ್ರ ಹೇಳಬೇಡಿ. ಸಂಕೇತ ಹುಡುಕೋದಕ್ಕೆ ಅವರಿಗೆ ಆ 12 ಅಂಕಿ ಸಾಕು.